ಒಳಬದಿ ಸವೆದ ಟಯರು

ಆ ಟಯರನ್ನು ಯಾರೂ ಕದ್ದಿರಲಿಲ್ಲ, ಯಾರೂ ಬದಲಾಯಿಸಿರಲಿಲ್ಲ. ಅದನ್ನು ಸವೆಸಿದವಳು ನಾನು. ಕಾರಿನ ಮುಂದಿನ ಚಕ್ರವನ್ನು ಕಲ್ಲಿಗೆ ಹೊಡೆದು ಸೊಟ್ಟ ಮಾಡಿದವಳೂ ನಾನೇ, ಅದನ್ನು ಹೇಳದೆ ಬಾಯಿ ಮುಚ್ಚಿಕೊಂಡು ಕುಳಿತವಳೂ ನಾನೇ. ಕಳ್ಳ ಅನ್ನಿಸಿಕೊಂಡದ್ದು ನಮ್ಮ ಡ್ರೈವರು. ನಡೆದದ್ದು ಇಷ್ಟು. ಉಳಿದದ್ದೆಲ್ಲ ಅದು ಹೇಗೆ ನಡೆಯಿತು ಎಂಬುದು ಮಾತ್ರ.

ನಾವು ಸಮುದ್ರಕ್ಕೆ ಹೋಗುವ ಜನ. ನನ್ನ ತವರು ಬೈಕಂಪಾಡಿ. ಈಗ ಅಲ್ಲಿ ಫ್ಯಾಕ್ಟರಿಗಳಿವೆ. ಆಗ ದೋಣಿ, ಬಲೆ, ತೆಂಗಿನಮರ, ಹೊಯ್ಗೆಯ ದಂಡೆ, ಅಷ್ಟೇ ಇದ್ದದ್ದು. ತಾಯಿ ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಮಾರಿದವಳು. ನಾನು ಮೂರನೇ ಕ್ಲಾಸಿನ ತನಕ ಶಾಲೆಗೆ ಹೋಗಿ, ಆಮೇಲೆ ಆ ಬುಟ್ಟಿಯ ಹಿಂದೆ ಹೋದವಳು. ಮದುವೆಯಾಗಿ ಬಂದದ್ದು ಮಂಗಳೂರಿನ ಬಂದರಿನ ಹತ್ತಿರದ ಮನೆಗೆ. ನನ್ನ ಗಂಡನಿಗೆ ಒಣಮೀನಿನ ಮಂಡಿ. ವ್ಯಾಪಾರ ಕುದುರಿತು. ನಮ್ಮ ಕಡೆ ಹೊಸ ಬಂದರು ಆಗುತ್ತದೆ ಎಂದು ಜನ ಮಾತಾಡಲು ಶುರು ಮಾಡಿದ್ದ ಕಾಲದಲ್ಲಿ ಅವರು ಒಂದು ಕಾರು ತಂದರು. ಕಪ್ಪು ಬಣ್ಣದ್ದು, ಯಾರೋ ಕಾಫಿ ತೋಟದವರು ಓಡಿಸಿ ಬಿಟ್ಟದ್ದು.

ಮನೆ ನನ್ನ ಗಂಡನ ಅಕ್ಕನದ್ದು. ನಮ್ಮಲ್ಲಿ ಅಳಿಯಸಂತಾನ, ಹೆಂಗಸರ ಕಡೆಗೆ ಆಸ್ತಿ ಹೋಗುವುದು. ಆ ಅತ್ತಿಗೆ ವಿಧವೆ, ಬಾಯಿ ಜೋರು. ಕಾರು ಬಂದ ದಿನ ನನ್ನ ಗಂಡ ಅದರೊಳಗೆ ಮೀನು ಇಡಕೂಡದು ಎಂದು ಕಾನೂನು ಮಾಡಿದಾಗ ಅತ್ತಿಗೆ ಹೇಳಿದ್ದು ನನಗೆ ನೆನಪಿದೆ. "ಆಯ್ತು ತಮ್ಮ. ಆದ್ರೆ ನೀನು ಹೇಗೆ ಕೂತುಕೊಳ್ತಿ ಅದ್ರಲ್ಲಿ? ನಿನ್ನ ಅಂಗಿಗೇ ಬಂಗುಡೆ ವಾಸನೆ ಉಂಟಲ್ಲ."

ಓಡಿಸಲಿಕ್ಕೆ ಒಬ್ಬ ಕ್ರಿಶ್ಚಿಯನ್ ಗಂಡಸನ್ನು ಇಟ್ಟರು. ಅವರ ಮನೆ ಬಿಜೈಯಲ್ಲಿ. ಹೆಂಡತಿ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿದವರಂತೆ. ನಾವು ತುಳುವಿನವರು ಕ್ರಿಶ್ಚಿಯನ್ ಗಂಡಸರನ್ನು ಪೊರ್ಬು ಎಂದೇ ಕರೆಯುವುದು, ಅದು ಮರ್ಯಾದೆಯ ಮಾತು. ಮನೆಯಲ್ಲಿ ಎಲ್ಲರಿಗೂ ಅವರು ಪೊರ್ಬು. ಅವರ ಹೆಸರನ್ನು ನಾನು ಒಂದು ಸಲವೂ ಬಾಯಲ್ಲಿ ಆಡಿದವಳಲ್ಲ.

ಕಾರು ಓಡಿಸಬೇಕು ಎಂಬ ಆಸೆ ನನಗೆ ಹೇಗೆ ಬಂತು ಎಂದು ಕೇಳಿದರೆ ದೊಡ್ಡ ಕಾರಣ ಏನೂ ಇಲ್ಲ. ಕೊಡಿಯಾಲ್‌ಬೈಲಿನಲ್ಲಿ ಒಬ್ಬ ಲೇಡಿ ಡಾಕ್ಟರು ತಾನೇ ಕಾರು ಓಡಿಸಿಕೊಂಡು ಹೋಗುವುದನ್ನು ನೋಡಿದ್ದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಮೀನು ಕೊಯ್ಯಲು ಕೂತ ನಮ್ಮ ಹಾಗೆಯೇ. ಇವರಿಂದ ಆಗುವುದು ನನ್ನಿಂದ ಯಾಕೆ ಆಗುವುದಿಲ್ಲ ಎಂದು ಕಂಡಿತು. ಅಷ್ಟೇ.

ಆ ವರ್ಷ ಮಳೆ ನಿಂತ ಮೇಲೆ ನನ್ನ ಗಂಡ ಕಲ್ಲಿಕೋಟೆಯ ಕಡೆಗೆ ವ್ಯಾಪಾರಕ್ಕೆ ಹೋದರು, ಎರಡು ವಾರಕ್ಕೆ. ಹೋಗುವ ಮೊದಲು ಕಾರಿನ ಮುಂದಿನ ಎರಡು ಚಕ್ರಗಳಿಗೆ ಹೊಸ ಟಯರು ಹಾಕಿಸಿದ್ದರು. ಆಗ ಹೊಸ ಟಯರು ಎಂದರೆ ಅಂಗಡಿಗೆ ಹೋಗಿ ತರುವ ವಸ್ತುವಲ್ಲ. ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯಬೇಕು, ಯಾರದೋ ಪರಿಚಯ ಬೇಕು. ಬಂದ ದಿನ ಅವರು ಅದನ್ನು ಮೂಸಿ ನೋಡಿದ್ದರು. ಹಳೆಯವುಗಳಲ್ಲಿ ಒಳ್ಳೆಯದೊಂದನ್ನು ಸ್ಟೆಪ್ನಿಗೆ ಇಟ್ಟರು.

ತಾಯಿಯನ್ನು ನೋಡಲು ಬೈಕಂಪಾಡಿಗೆ ಕಾರಿನಲ್ಲಿ ಹೋಗಲು ನನಗೆ ಅಪ್ಪಣೆ ಇತ್ತು. ಎರಡು ವಾರದಲ್ಲಿ ಮೂರು ಸಲ ಹೋದೆ. ತಾಯಿಗೆ ಏನೂ ಆಗಿರಲಿಲ್ಲ. ಅಲ್ಲಿ ಬಲೆ ಒಣಗಿಸುವ ಒಂದು ಗಟ್ಟಿ ಬಯಲು ಇತ್ತು, ಮಧ್ಯಾಹ್ನ ಊಟದ ಹೊತ್ತಿಗೆ ಯಾರೂ ಇರುತ್ತಿರಲಿಲ್ಲ. ನನಗೆ ಬೇಕಾದದ್ದು ಆ ಬಯಲು.

ಮೊದಲ ಸಲ ಪೊರ್ಬು ಒಪ್ಪಲಿಲ್ಲ. "ಧಣಿಗಳಿಗೆ ಗೊತ್ತಾದ್ರೆ ನನ್ನ ಗತಿ ಎಂತ ಅಮ್ಮ?" ಎಂದರು.

"ಯಾರು ಹೇಳ್ತಾರೆ? ನೀವು ಹೇಳ್ತೀರಾ?"

"ನಾನು ಯಾಕೆ ಹೇಳ್ಳಿ?"

"ನಾನೂ ಹೇಳುದಿಲ್ಲ. ಮತ್ತೆ ಕಾರಿಗೆ ಬಾಯಿ ಉಂಟಾ?"

ಅವರು ನಕ್ಕು ಬಾಗಿಲು ತೆರೆದರು. ಆ ನಗೆಯನ್ನು ಒಪ್ಪಿಗೆ ಎಂದು ತೆಗೆದುಕೊಂಡವಳು ನಾನು. ಸಂಬಳ ಕೊಡುವ ಮನೆಯ ಹೆಂಗಸು ಪಟ್ಟು ಹಿಡಿದರೆ ಕೆಲಸದವನು ಇನ್ನೇನು ಮಾಡುತ್ತಾನೆ? ಇದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ನಾನು ಇಳಿಯುತ್ತಿದ್ದೆನೆಂದು ಹೇಳಲಾರೆ.

ಎರಡು ಸಲ ಸರಿಯಾಯಿತು. "ಅಮ್ಮ, ಅದು ಬ್ರೇಕ್ ಅಲ್ಲ, ಕ್ಲಚ್ಚು" ಎಂದು ಅವರು, "ನನಗೆ ಕಾಲು ಎರಡು, ಇಲ್ಲಿ ಪೆಡಲು ಮೂರು ಉಂಟು. ಇದನ್ನು ಮಾಡಿದವನಿಗೆ ತಲೆ ಸರಿ ಇಲ್ಲ ಪೊರ್ಬು" ಎಂದು ನಾನು. ಕಾರು ಕುಪ್ಪಳಿಸುತ್ತಿತ್ತು, ನಿಲ್ಲುತ್ತಿತ್ತು. ಆದರೆ ಒಂದು ಸುತ್ತು, ಒಂದೇ ಒಂದು ಸುತ್ತು, ಎಲ್ಲಿಯೂ ನಿಲ್ಲದೆ ಬಯಲನ್ನು ಬಳಸಿ ಬಂದೆ. ಕಿಟಕಿಯಿಂದ ಸಮುದ್ರದ ಗಾಳಿ ಬರುತ್ತಿತ್ತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮೂರನೆಯ ಸಲ ಬಯಲಿನ ಮೂಲೆಯಲ್ಲಿ ಗಡಿ ಗುರುತಿಗೆಂದು ಹುಗಿದಿದ್ದ ಮುರಕಲ್ಲು, ನಮ್ಮ ಕಡೆಯ ಕೆಂಪು ಕಲ್ಲು, ನನ್ನ ಕಣ್ಣಿಗೆ ಬಿತ್ತು. ಕಣ್ಣಿಗೆ ಬಿದ್ದದ್ದೇ ತಪ್ಪಾಯಿತು. ಅದನ್ನೇ ನೋಡುತ್ತಾ ಅದರ ಕಡೆಗೇ ಹೋದೆ. ಪೊರ್ಬು "ಬಲಕ್ಕೆ, ಬಲಕ್ಕೆ" ಎಂದು ಕೂಗಿದರು. ಎಡದ ಚಕ್ರ ಕಲ್ಲಿನ ಮೇಲೆ ಹತ್ತಿ ದಡಕ್ಕೆಂದು ಆಚೆ ಬಿತ್ತು. ಕಾರು ನಿಂತಿತು. ನನ್ನ ಹಲ್ಲು ತುಟಿಗೆ ತಾಗಿ ರಕ್ತ ಬಂತು.

ಪೊರ್ಬು ಇಳಿದು, ಮಣ್ಣಿನಲ್ಲಿ ಬೆನ್ನು ಹಾಕಿ ಕಾರಿನ ಅಡಿಗೆ ಹೋದರು. ಹೊರಗೆ ಬಂದಾಗ ಅವರ ಮುಖದಲ್ಲಿ ನಗೆ ಇರಲಿಲ್ಲ.

"ಎರಡು ಚಕ್ರವನ್ನು ಜೋಡಿಸುವ ರಾಡ್ ಬಗ್ಗಿದೆ ಅಮ್ಮ. ಚಕ್ರ ಲೈನಿನಲ್ಲಿ ಇಲ್ಲ."

"ಓಡುದಿಲ್ವಾ?"

"ಓಡ್ತದೆ. ಆದ್ರೆ ಒಂದು ಈಚೆ ನೋಡ್ತದೆ, ಒಂದು ಆಚೆ ನೋಡ್ತದೆ. ಧಣಿಗಳು ಬಂದ ಕೂಡ್ಲೆ ಹೇಳಿ ಗ್ಯಾರೇಜಿಗೆ ತಕ್ಕೊಂಡು ಹೋಗುವ."

"ಎಂತ ಹೇಳುದು? ನಾನು ಓಡಿಸಿದೆ ಅಂತವಾ?"

ಅವರು ಕೈಯ ಮಣ್ಣು ಕೊಡವಿ ಹೇಳಿದರು. "ನಾನು ಹೊಡೆದೆ ಅಂತ ಹೇಳ್ತೇನೆ ಬೇಕಾದ್ರೆ. ದನ ಅಡ್ಡ ಬಂತು ಅಂತ."

ಅದಕ್ಕೂ ನಾನು ಒಪ್ಪಲಿಲ್ಲ. ದನ ಎಲ್ಲಿ ಬಂತು, ಯಾವ ರಸ್ತೆಯಲ್ಲಿ ಎಂದು ನನ್ನ ಗಂಡ ಕೇಳಿಯೇ ಕೇಳುತ್ತಾರೆ. ಕೇಳುತ್ತಾ ಹೋದರೆ ಬೈಕಂಪಾಡಿಯ ಬಯಲಿನ ತನಕ ಬಂದು ಮುಟ್ಟುತ್ತಾರೆ. "ನೀವೇ ಸರಿ ಮಾಡಿ. ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡಿದವರಲ್ವಾ ನೀವು?" ಎಂದೆ.

ಅವರು ಮರದ ತುಂಡಿನ ಮೇಲೆ ರಾಡ್ ಇಟ್ಟು ಸುತ್ತಿಗೆಯಿಂದ ಬಡಿದರು. ಒಂದು ಕೋಲನ್ನು ಎರಡು ಚಕ್ರಗಳ ನಡುವೆ ಹಿಡಿದು ಅಳೆದರು. ಸಂಜೆಯಾಗುತ್ತಾ ಬಂತು. "ಕಣ್ಣಳತೆಗೆ ಸರಿ ಉಂಟು. ಆದ್ರೆ ಇದು ಕಣ್ಣಳತೆಯ ಕೆಲಸ ಅಲ್ಲ ಅಮ್ಮ" ಎಂದರು. ನಾನು, ಸರಿ ಉಂಟಲ್ಲ, ಮತ್ತೆಂತ ಎಂದು ಕಾರು ಹತ್ತಿದೆ.

ಆಮೇಲೆ ಎರಡು ಸಲ ಅವರು ನನ್ನನ್ನು ಕೇಳಿದ್ದಾರೆ. ಒಂದು ಸಲ ಅಂಗಳದಲ್ಲಿ, ನಾನು ಮೆಣಸು ಒಣಗಿಸುತ್ತಿದ್ದಾಗ. "ಸ್ಟೇರಿಂಗ್ ಎಡಕ್ಕೆ ಎಳೀತದೆ ಅಮ್ಮ, ಧಣಿಗಳ ಹತ್ರ ಹೇಳುವ." ಈ ದೀಪಾವಳಿ ಕಳೆಯಲಿ ಎಂದೆ. ಇನ್ನೊಂದು ಸಲ ದೀಪಾವಳಿ ಕಳೆದ ಮೇಲೆ. ಆಗ ಹೇಳಿದರು, "ನಾನು ಬಾಯಿ ಬಿಡುದಿಲ್ಲ ಅಮ್ಮ, ಮಾತು ಕೊಟ್ಟಿದ್ದೇನೆ. ಆದ್ರೆ ಟಯರ್ ಹೇಳ್ತದೆ." ನಾನು ಟಯರಿನ ಕಡೆಗೆ ನೋಡಿದೆ. ಹೊಚ್ಚಹೊಸದರ ಹಾಗೆ ಕಂಡಿತು. ಸವೆಯುತ್ತಿದ್ದದ್ದು ಒಳಬದಿ. ಕಾರಿನ ಪಕ್ಕದಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. "ಚೆನ್ನಾಗಿಯೇ ಉಂಟಲ್ಲ ಪೊರ್ಬು, ನಿಮಗೆ ಸುಮ್ಮನೆ ಹೆದರಿಕೆ" ಎಂದು ಒಳಗೆ ಹೋದೆ.

ಕ್ರಿಸ್ಮಸ್ಸಿಗೆ ಸ್ವಲ್ಪ ಮೊದಲು, ನನ್ನ ಗಂಡ ಕಾರಿನಲ್ಲಿ ಇದ್ದಾಗಲೇ ಕೂಳೂರಿನ ಸೇತುವೆ ದಾಟಿ ಬರುವಲ್ಲಿ ಎಡದ ಟಯರು ಸಿಡಿಯಿತು. ಪೊರ್ಬು ಕಾರನ್ನು ಹಿಡಿದು ನಿಲ್ಲಿಸಿದರು. ಬೇರೆ ಯಾರಾದರೂ ಆಗಿದ್ದರೆ ಕಾರು ಹೊಳೆಗೆ ಹೋಗುತ್ತಿತ್ತು ಎಂದು ನನ್ನ ಗಂಡನೇ ಹೇಳಿದರು, ಮನೆಗೆ ಬಂದ ಮೊದಲ ಐದು ನಿಮಿಷ. ಆರನೆಯ ನಿಮಿಷದಲ್ಲಿ ಬಿಚ್ಚಿದ ಟಯರನ್ನು ಅಂಗಳದಲ್ಲಿ ಹಾಕಿ ತಿರುಗಿಸಿ ನೋಡಿದರು. ಹೊರಬದಿ ಹೊಸತು. ಒಳಬದಿ ಬೋಳು, ಕ್ಯಾನ್ವಾಸಿನ ನೂಲು ಹೊರಗೆ ಬಂದಿದೆ.

"ಒಟ್ಟಿಗೆ ಹಾಕಿದ ಎರಡು ಟಯರು. ಬಲದ್ದು ಇಷ್ಟು ಸವೆದಿಲ್ಲ. ಇದು ಹೇಗೆ?" ಎಂದು ಅವರು ಕೇಳಿದ್ದು ಯಾರನ್ನೂ ಅಲ್ಲ, ಟಯರನ್ನೇ.

ಉತ್ತರ ಕೊಟ್ಟದ್ದು ಜಗಲಿಯ ಚಿಟ್ಟೆಯ ಮೇಲೆ ಕುಳಿತಿದ್ದ ಅತ್ತಿಗೆ. "ಹೇಗೆ ಅಂದ್ರೆ? ಹೊಸತನ್ನು ಮಾರಿ ಹಳತನ್ನು ಹಾಕಿದ್ದು. ಡ್ರೈವರುಗಳ ಕೆಲಸ ಗೊತ್ತುಂಟಲ್ಲ ತಮ್ಮ."

ಹಾಗೆ ಮಾಡುವವರು ಆಗ ಇದ್ದರು, ಸುಳ್ಳಲ್ಲ. ಟಯರಿನ ಮೈಮೇಲೆ ನಂಬರು ಇರುತ್ತದಂತೆ. ಅದನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ನನ್ನ ಗಂಡ ಪೊರ್ಬುವನ್ನು ಕರೆದರು. ಯಾವಾಗಲೂ ನೀವು ಎನ್ನುತ್ತಿದ್ದವರು ಆ ದಿನ ನೀನು ಎಂದರು.

"ಟಯರ್ ಎಂತ ಮಾಡಿದೆ?"

"ನಾನು ಎಂತದೂ ಮಾಡ್ಲಿಲ್ಲ ಧಣಿ."

"ಮತ್ತೆ ಇದಕ್ಕೆ ಎಂತ ಆಯ್ತು?"

ಪೊರ್ಬು ಟಯರಿನ ಕಡೆಗೆ ನೋಡಿದರು.

"ಆಣೆ ಹಾಕ್ತಿಯಾ?"

ಇಲ್ಲಿ ನಮ್ಮ ಕಡೆಯ ಪದ್ಧತಿ ಹೇಳಬೇಕು. ಮನೆಯಲ್ಲಿ ಏನಾದರೂ ಕಳವಾದರೆ, ಯಾರ ಮೇಲಾದರೂ ಸಂಶಯ ಬಂದರೆ, ದೈವದ ಮುಂದೆ ದೀಪ ಹಚ್ಚಿ, ಕೈಗೆ ನೀರು ಹಾಕಿ, ಆಣೆ ಹಾಕಿಸುವುದು. ದೈವದ ಹೆದರಿಕೆ ನಮ್ಮವರಿಗೆ ಮಾತ್ರ ಅಲ್ಲ, ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಗಳಿಗೂ ಉಂಟು, ಕ್ರಿಶ್ಚಿಯನ್ನರಿಗೂ ಉಂಟು. ಆಣೆ ಹಾಕಿದವನ ಮೇಲೆ ಮತ್ತೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಆಣೆ ಹಾಕಲು ಹಿಂಜರಿದವನು ತಪ್ಪು ಒಪ್ಪಿಕೊಂಡ ಹಾಗೆ. ಪೊಲೀಸರು ಬೇಡ, ಕೋರ್ಟು ಬೇಡ. ನಾವು ಅದನ್ನು ನಂಬಿದ್ದೆವು. ಸತ್ಯ ಗೊತ್ತಿದ್ದೂ ಒಬ್ಬ ಹಿಂಜರಿಯಬಹುದು, ಇನ್ನೊಬ್ಬರಿಗಾಗಿ ಹಿಂಜರಿಯಬಹುದು ಎಂದು ಯಾರ ತಲೆಗೂ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಮನೆಯ ಮುಂದಿನ ಚಾವಡಿಯಲ್ಲಿ, ದೈವವನ್ನು ನೆಲೆ ಮಾಡಿಸಿದ ಮಂಚದ ಮುಂದೆ ದೀಪ ಹಚ್ಚಿದರು. ಪೊರ್ಬು ಮೆಟ್ಟಿಲಿನ ಕೆಳಗೆ, ಅಂಗಳದಲ್ಲಿ, ಚಪ್ಪಲಿ ಕಳಚಿ ನಿಂತರು. ನೀರಿನ ಚೆಂಬು ಹಿಡಿದು ನಿಂತವಳು ನಾನು. ಅತ್ತಿಗೆ ನನ್ನ ಕೈಗೇ ಕೊಟ್ಟರು.

ನನ್ನ ಗಂಡ ಹೇಳಿದರು. "ಈ ಟಯರು ಹೀಗಾದ ವಿಷಯ ನನಗೆ ಎಂತದೂ ಗೊತ್ತಿಲ್ಲ ಅಂತ ಹೇಳು. ಅಷ್ಟು ಸಾಕು."

ಟಯರು ಮಾರಲಿಲ್ಲ ಎಂದು ಹೇಳಿಸಿದ್ದರೆ ಪೊರ್ಬು ಆ ಕ್ಷಣವೇ ಹೇಳುತ್ತಿದ್ದರು. ಗೊತ್ತಿಲ್ಲ ಎಂದು ಹೇಳಿಸಿದರು. ಪೊರ್ಬುವಿಗೆ ಗೊತ್ತಿತ್ತು.

ಅವರು ಕೈ ಚಾಚಿದರು. ನಾನು ಚೆಂಬು ಬಗ್ಗಿಸಬೇಕು. ಬಗ್ಗಿಸಿದೆ. ನೀರು ಅವರ ಅಂಗೈಯಲ್ಲಿ ನಿಂತಿತು, ಬೆರಳ ಸಂದಿಯಿಂದ ಇಳಿಯಿತು. ಕೊನೆಗೆ ಅವರು ಕೈ ಒದರಿ ಹೇಳಿದರು.

"ನಿಮ್ಮ ದೈವ ನನ್ನದಲ್ಲ ಧಣಿ. ಆದ್ರೆ ಅದರ ಮುಂದೆ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಅಂದ್ರೆ ಗೊತ್ತುಂಟು."

"ಗೊತ್ತುಂಟು."

"ಹೇಳು ಮತ್ತೆ."

"ಹೇಳ್ಲಿಕ್ಕಿಲ್ಲ."

ಅತ್ತಿಗೆ, "ಕೇಳಿದ್ಯಲ್ಲ, ಸಾಕಲ್ಲ" ಎಂದು ಎದ್ದು ಒಳಗೆ ಹೋದರು. ಪೊರ್ಬು ಕಾರಿನ ಕೀಯನ್ನು ಮೆಟ್ಟಿಲಿನ ಮೇಲೆ ಇಟ್ಟರು. ಕಾರಿನ ಸೀಟಿನಿಂದ ತನ್ನ ಬೆವರೊರೆಸುವ ಬೈರಾಸು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡು ಹೋದರು. ನನ್ನನ್ನು ನೋಡಲಿಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಹೀಗೆ ಹೇಳಿಕೊಳ್ಳುವುದು ಸುಲಭ. ಅವರು ನೋಡಲಿಲ್ಲ, ನಾನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ಗಂಡ ಹೊಡೆಯುತ್ತಾರೆ ಎಂದು ಹೆದರಿದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬಂದೀತು. ಅವರು ಹೊಡೆಯುವ ಜನವಲ್ಲ, ಒಂದು ದಿನವೂ ಕೈ ಎತ್ತಿದವರಲ್ಲ. ನಾನು ಹೆದರಿದ್ದು ಅತ್ತಿಗೆಯ ನಗೆಗೆ. ಬುಟ್ಟಿ ಹೊತ್ತವಳ ಮಗಳು ಕಾರು ಓಡಿಸಲು ಹೋಗಿ ಕಲ್ಲಿಗೆ ಹೊಡೆದಳಂತೆ ಎಂದು ಅವರು ನೆರೆಮನೆಗೆಲ್ಲ ಹೇಳಿ ನಗುತ್ತಾರೆ, ಆ ನಗೆ ಕೇಳಬೇಕಲ್ಲ ಎಂದು. ಒಬ್ಬ ಗಂಡಸಿನ ಅನ್ನದ ಎದುರು ನಾನು ಇಟ್ಟು ತೂಗಿದ್ದು ಅದನ್ನು. ಇಷ್ಟು ಸಣ್ಣದನ್ನು.

ಹಂಪನಕಟ್ಟೆಯ ಕಾರ್ ಸ್ಟ್ಯಾಂಡಿಗೆ ಸುದ್ದಿ ಅದೇ ದಿನ ಮುಟ್ಟಿತು. ಊರಿನ ಡ್ರೈವರುಗಳೆಲ್ಲ ಕೂಡುವ ಜಾಗ ಅದು. ಕಾರಿರುವವರು ಡ್ರೈವರು ಬೇಕಾದರೆ ಅಲ್ಲಿಗೇ ಬಂದು ಕೇಳುವುದು. ಟಯರು ಮಾರಿದವನು, ದೈವದ ಮುಂದೆ ಆಣೆ ಹಾಕದೆ ಹೋದವನು ಎಂದ ಮೇಲೆ ಯಾರು ಕಾರು ಕೊಡುತ್ತಾರೆ?

ಒಂದು ತಿಂಗಳ ಮೇಲೆ ನಾನು ಉಪ್ಪಿನ ವಿಷಯಕ್ಕೆ ಹೊಯ್ಗೆಬಜಾರಿನ ಕಡೆಗೆ ನಡೆದುಕೊಂಡು ಹೋಗಿದ್ದೆ. ಹೊಳೆಯ ಬದಿಯಲ್ಲಿ ಹಂಚಿನ ಕಾರ್ಖಾನೆಗೆ ದೋಣಿಯಿಂದ ಜೇಡಿಮಣ್ಣು ಇಳಿಸುತ್ತಿದ್ದರು. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಹಲಗೆಯ ಮೇಲೆ ಬರುತ್ತಿದ್ದವರಲ್ಲಿ ಒಬ್ಬರು ಪೊರ್ಬು. ಬುಟ್ಟಿ ಹೊತ್ತು ಅಭ್ಯಾಸ ಇಲ್ಲದವರ ಕುತ್ತಿಗೆ ಹೇಗಿರುತ್ತದೆಂದು ನನಗೆ ಗೊತ್ತಾಗುತ್ತದೆ. ಗಲ್ಲದ ತನಕ ನೀರಿನಲ್ಲಿ ಮುಳುಗಿದವರ ಹಾಗೆ ಎತ್ತಿ ಹಿಡಿದಿರುತ್ತಾರೆ. ನಾನು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು, ಬಂದ ದಾರಿಯಲ್ಲೇ ತಿರುಗಿದೆ. ಉಪ್ಪು ತರಲಿಲ್ಲ. ಮನೆಯಲ್ಲಿ ಅಂಗಡಿ ಮುಚ್ಚಿತ್ತು ಎಂದು ಸುಳ್ಳು ಹೇಳಿದೆ. ಒಂದು ಸುಳ್ಳಿನ ಹಿಂದೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತದೆಂದು ನೋಡಿ.

ಪೊರ್ಬು ಹೋದ ಮೇಲೆ ನನ್ನ ಗಂಡ ಕಾರನ್ನು ತಾನೇ ಓಡಿಸುತ್ತಿದ್ದರು. ಎಡದ ಚಕ್ರಕ್ಕೆ ಸ್ಟೆಪ್ನಿ ಹಾಕಿದ್ದರು. ರಾತ್ರಿ ಶೆಡ್ಡಿಗೆ ಬೀಗ, ಕೀ ಅವರ ಸೊಂಟದಲ್ಲಿ. ಕಾರು ಎಡಕ್ಕೆ ಎಳೆಯುತ್ತದೆ ಎಂದು ಗೊಣಗುತ್ತಿದ್ದರು, ರಸ್ತೆಯನ್ನು ಬಯ್ಯುತ್ತಿದ್ದರು. ಆರು ವಾರ ಆಗಿತ್ತು. ನನಗೆ ಹಲ್ಲುನೋವು ಬಂದು ಕೊಡಿಯಾಲ್‌ಬೈಲಿನ ಡಾಕ್ಟರ ಹತ್ತಿರ ಹೋಗಿದ್ದೆವು. ವಾಪಸು ಹೊರಡುವಾಗ ಅವರು ಕೈಯಿಂದ ಬಿದ್ದ ಕೀಯನ್ನು ಹೆಕ್ಕಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಇವಳೇ, ಇಲ್ಲಿ ಬಾ. ಇದು ನೋಡು."

ಸ್ಟೆಪ್ನಿಯ ಟಯರಿನ ಒಳಬದಿ ಬೋಳಾಗಿತ್ತು.

"ಇದನ್ನು ಯಾರು ಬದಲಾಯಿಸಿದ್ದು? ನಾನಾ?" ಎಂದರು. ನಾನು ಹಲ್ಲುನೋವಿನ ನೆವದಲ್ಲಿ ಕೆನ್ನೆ ಹಿಡಿದುಕೊಂಡು ನಿಂತೆ.

ಅಲ್ಲಿಂದ ನೇರ ಬಿಜೈಯ ಗ್ಯಾರೇಜಿಗೆ ಹೋದೆವು. ಅಲ್ಲಿಯ ಮೇಸ್ತ್ರಿ ವಯಸ್ಸಾದವರು, ಕಣ್ಣಿಗೆ ದಪ್ಪ ಕನ್ನಡಕ. ಅವರು ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ, ತಿರುಗಿಸುತ್ತಾ ಟಯರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದರು. ಕೆಳಗಿಳಿಸಿ, ಒಂದು ಉದ್ದ ಕೋಲಿನಿಂದ ಗೆರೆಯಿಂದ ಗೆರೆಗೆ ಚಕ್ರಗಳ ಮುಂಬದಿ ಅಳೆದರು, ಆಮೇಲೆ ಹಿಂಬದಿ. ಎರಡೂ ಅಳತೆ ಹೆಚ್ಚು ಕಡಿಮೆ ಒಂದೇ ಬರಬೇಕಂತೆ. ಇಲ್ಲಿ ಮುಂದೆ ಅಗಲ, ಹಿಂದೆ ಇಕ್ಕಟ್ಟು. ಒಂದೇ ಗಾಡಿಗೆ ಕಟ್ಟಿದ ಎರಡು ಎತ್ತು ಒಂದೊಂದು ಒಂದೊಂದು ಬದಿಗೆ ಎಳೆದರೆ ಹೇಗೋ ಹಾಗೆ. ಚಕ್ರ ಉರುಳುವುದರ ಜೊತೆಗೆ ಅಡ್ಡಕ್ಕೆ ಉಜ್ಜುತ್ತಾ ಹೋಗುತ್ತದೆ. ಹೆರೆಮಣೆಗೆ ಹಿಡಿದ ತೆಂಗಿನಕಾಯಿಯ ಹಾಗೆ ಟಯರು ತುರಿದು ಹೋಗುತ್ತದೆ.

ಮೇಸ್ತ್ರಿ ಕಾರಿನ ಅಡಿಯಿಂದಲೇ ಕೂಗಿದರು. "ರಾಡ್ ಬಗ್ಗಿದ್ದನ್ನು ಯಾರೋ ಬಡಿದು ನೆಟ್ಟಗೆ ಮಾಡಿದ್ದಾರೆ ಧಣಿ. ಕೈ ಒಳ್ಳೇದುಂಟು. ಆದ್ರೆ ಅಳತೆ ಇಲ್ಲ. ಹೀಗೇ ಬಿಟ್ರೆ ನೀವು ಊರಿನ ಟಯರೆಲ್ಲ ತಂದು ಹಾಕಿ, ಇದು ತಿಂತಾ ಇರ್ತದೆ."

ನನ್ನ ಗಂಡ ಬಗ್ಗಿ ಆ ಸೀಮೆಸುಣ್ಣದ ಗೆರೆಗಳನ್ನು ನೋಡಿದರು. ಅವರಿಗೆ ಅರ್ಥವಾಯಿತು, ಪೊರ್ಬು ಟಯರು ಮಾರಿದ್ದಲ್ಲ ಎಂದು. ನಾನು ಉಸಿರು ಬಿಟ್ಟೆ. ಸತ್ಯ ತಾನಾಗಿ ಹೊರಗೆ ಬಂತು, ನಾನು ಬಾಯಿ ಬಿಡಬೇಕಾದದ್ದು ತಪ್ಪಿತು ಎಂದು ನನಗೆ ಸಮಾಧಾನವೂ ಆಯಿತು. ಆಗ ಅವರು ಹೇಳಿದರು.

"ಹಾಗಾದ್ರೆ ಅವ ಎಲ್ಲಿಯೋ ಕುಡಿದು ಕಾರು ಹೊಡೆದು ಮುಚ್ಚಿಟ್ಟದ್ದು. ಅದಕ್ಕೇ ಆಣೆ ಹಾಕ್ಲಿಲ್ಲ. ಟಯರ್ ಹೋದ್ರೆ ಹೋಯ್ತು, ನನ್ನ ಜೀವ ಹೋಗ್ತಿತ್ತಲ್ಲ ಮಾರಾಯ್ತಿ ಸೇತುವೆಯಲ್ಲಿ."

ಎಲ್ಲವೂ ಸರಿಯಾಗಿ ಹೊಂದಿತು. ಅವರ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ, ಹೊಡೆದವರು ಯಾರು ಎಂಬುದೊಂದು ಬಿಟ್ಟರೆ. ಪೊರ್ಬು ಕಳ್ಳ ಆಗಿದ್ದವರು ಈಗ ಕುಡುಕರಾದರು. ಡ್ರೈವರಿಗೆ ಕಳ್ಳ ಎಂಬ ಹೆಸರಿಗಿಂತ ಇದು ಕೆಟ್ಟದ್ದು. ಆಗಲೂ ನಾನು ಕೆನ್ನೆ ಹಿಡಿದುಕೊಂಡೇ ಇದ್ದೆ. ಮೇಸ್ತ್ರಿ, "ಅಮ್ಮನಿಗೆ ನೋವು ಜಾಸ್ತಿ ಉಂಟು ಕಾಣ್ತದೆ, ಕುರ್ಚಿ ಕೊಡಿ" ಎಂದರು. ನಾನು ಕುರ್ಚಿಯಲ್ಲಿ ಕುಳಿತೆ.

ಮನೆಗೆ ಬಂದು, ಸಂಜೆ ಬೆಳಕಿರುವಾಗ ಶೆಡ್ಡಿಗೆ ಹೋದೆ. ಆ ಮೊದಲಿನ ಟಯರು ಅಲ್ಲೇ ಗೋಡೆಗೆ ಒರಗಿತ್ತು. ದೋಣಿಯ ಬದಿಗೆ ಕಟ್ಟಲು ಆಗುತ್ತದೆಂದು ಅತ್ತಿಗೆ ಇಡಿಸಿದ್ದರು. ಅದರ ಒಳಬದಿಯ ಮೇಲೆ ಅಂಗೈ ಇಟ್ಟು ಎಳೆದೆ. ಒಂದು ಬದಿಗೆ ಎಳೆದಾಗ ನುಣ್ಣಗೆ. ಎದುರು ಬದಿಗೆ ಎಳೆದಾಗ ಚುಚ್ಚುತ್ತದೆ. ಮೀನಿನ ಹುರುಪೆಯ ಹಾಗೆಯೇ. ತಲೆಯಿಂದ ಬಾಲಕ್ಕೆ ಸವರಿದರೆ ಜಾರುತ್ತದೆ, ಬಾಲದಿಂದ ತಲೆಗೆ ಸವರಿದರೆ ಕೈ ಕೊಯ್ಯುತ್ತದೆ. ಟಯರನ್ನು ಉರುಳಿಸದೆ ಅಡ್ಡಕ್ಕೆ ಎಳೆದದ್ದರ ಗುರುತು ಅದು. ಬಾಲ್ಯದಿಂದ ಮೀನು ಸವರಿದ ಕೈ ನನ್ನದು. ಪೊರ್ಬು ಅಂಗಳದಲ್ಲಿ ಹೇಳಿದ ದಿನ ಒಂದು ಸಲ ಬಗ್ಗಿ ಮುಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು. ಯಾವ ಮೇಸ್ತ್ರಿಯೂ ಬೇಕಾಗಿರಲಿಲ್ಲ. ನಾನು ನಿಂತಲ್ಲಿಂದಲೇ ನೋಡಿ ಚೆನ್ನಾಗಿ ಉಂಟು ಎಂದಿದ್ದೆ.

ಮರುದಿನ ಬೆಳಿಗ್ಗೆ ಮಿಂದು, ಚಾವಡಿಯಲ್ಲಿ ದೀಪ ಹಚ್ಚಿದೆ. ಅದೇ ಚೆಂಬಿನಿಂದ ನೀರನ್ನು ನನ್ನ ಕೈಗೆ ನಾನೇ ಹಾಕಿಕೊಂಡೆ. ನನ್ನ ಗಂಡ ಹಲ್ಲುಜ್ಜುತ್ತಾ ಬಂದವರು ನಿಂತರು. ಅತ್ತಿಗೆ ಒಳಗಿನಿಂದ ಬಂದರು.

"ಬೈಕಂಪಾಡಿಯ ಬಯಲಿನಲ್ಲಿ ಕಾರು ಓಡಿಸಿದ್ದು ನಾನು. ಮುರಕಲ್ಲಿಗೆ ಹೊಡೆದದ್ದು ನಾನು. ಪೊರ್ಬು ನಿಮಗೆ ಹೇಳುವ ಅಂದ್ರು, ನಾನು ಬಿಡ್ಲಿಲ್ಲ. ಇದು ಸತ್ಯ" ಎಂದೆ.

ನನ್ನ ಗಂಡ ಬಾಯಲ್ಲಿದ್ದದ್ದನ್ನು ಉಗುಳುವುದನ್ನೂ ಮರೆತರು. ಅತ್ತಿಗೆ ನಕ್ಕರು. ನಾನು ಇಷ್ಟು ದಿನ ಹೆದರಿದ್ದ ಆ ನಗೆ ಒಂದು ಕೆಮ್ಮಿನಷ್ಟು ಇತ್ತು, ಅಷ್ಟರಲ್ಲಿ ಮುಗಿಯಿತು.

ನಾನು ಶೆಡ್ಡಿಗೆ ಹೋಗಿ ಟಯರನ್ನು ಹೊರಗೆ ಉರುಳಿಸಿದೆ.

"ಅದನ್ನು ಎಲ್ಲಿಗೆ?" ಎಂದು ನನ್ನ ಗಂಡ ಕೇಳಿದರು.

"ಹಂಪನಕಟ್ಟೆಗೆ. ಅವರ ಮರ್ಯಾದೆ ಹೋದದ್ದು ಅಲ್ಲಿ. ಮನೆಯ ಒಳಗೆ ಹೇಳಿ ಎಂತ ಪ್ರಯೋಜನ?"

"ತಡೆ, ಕಾರಿನಲ್ಲಿ ಹೋಗುವ."

"ಬೇಡ" ಎಂದೆ.

ಬಂದರಿನಿಂದ ಹಂಪನಕಟ್ಟೆಗೆ ಏರು ದಾರಿ. ಒಂದು ಬದಿ ಸವೆದ ಟಯರು ನೆಟ್ಟಗೆ ಉರುಳುವುದಿಲ್ಲ, ಸವೆದ ಬದಿಗೆ ವಾಲುತ್ತದೆ. ಕೈ ತೆಗೆಯುವ ಹಾಗಿಲ್ಲ. ಜನ ನೋಡಿದರು. ಒಬ್ಬಳು ಮೀನಿನವಳು ನನ್ನ ಗುರುತು ಹಿಡಿದು, "ಎಂತ ಅಕ್ಕ, ಕಾರು ಬಿಟ್ಟು ಬರೀ ಚಕ್ರದಲ್ಲಿ ಹೊರಟದ್ದಾ?" ಎಂದಳು. ಹೌದು ಎಂದೆ.

ಸ್ಟ್ಯಾಂಡಿನಲ್ಲಿ ಏಳೆಂಟು ಡ್ರೈವರುಗಳು ಚಾ ಕುಡಿಯುತ್ತಿದ್ದರು. ಅವರ ಮಧ್ಯಕ್ಕೆ ಟಯರನ್ನು ಉರುಳಿಸಿ ಕೆಡವಿದೆ. ಮನೆಯಲ್ಲಿ ಹೇಳಿದ್ದನ್ನೇ ಹೇಳಿದೆ. ಎಲ್ಲರಿಗೂ ಕೇಳಿಸಿತು. "ನಂಬಿಕೆ ಇಲ್ಲದಿದ್ರೆ ಕೈ ಹಾಕಿ ನೋಡಿ. ನಿಮಗೆ ಗೊತ್ತಾಗ್ತದೆ" ಎಂದೆ.

ಅವರಲ್ಲಿ ಹಿರಿಯರೊಬ್ಬರು ಚಾದ ಗ್ಲಾಸು ಕೆಳಗಿಟ್ಟು ಕುಕ್ಕರುಗಾಲಿನಲ್ಲಿ ಕುಳಿತು ಒಳಬದಿಯನ್ನು ಸವರಿದರು, ಈಚೆ ಒಂದು ಸಲ, ಆಚೆ ಒಂದು ಸಲ. ತಲೆ ಅಲ್ಲಾಡಿಸಿದರು. ಇನ್ನೊಬ್ಬರು ಸವರಿದರು. ಯಾರೂ ನಗಲಿಲ್ಲ.

"ಸರಿ ಅಮ್ಮ. ಕಲ್ಲಿಗೆ ಹೊಡೆದದ್ದೇ ಇದು" ಎಂದರು ಆ ಹಿರಿಯರು. "ನಾವು ಅವನನ್ನು ಮಾತಾಡಿಸದೆ ಒಂದೂವರೆ ತಿಂಗಳಾಯ್ತು. ಅವನ ಹತ್ರ ಹೇಳಿದ್ದೀರಾ ಇದನ್ನು?"

"ಇಲ್ಲ."

"ಹಾಗಾದ್ರೆ ಮೊದ್ಲು ಬರ್ಲಿಕ್ಕಿದ್ದದ್ದು ಇಲ್ಲಿಗಲ್ಲ."

ಟಯರನ್ನು ಅವರು ಎತ್ತಿ ನಿಲ್ಲಿಸಿ ಕೊಟ್ಟರು. ಹಂಚಿನ ಕಾರ್ಖಾನೆಯ ಕೆಲಸಕ್ಕೆ ಹೊರಡುವ ಮೊದಲು ಪೊರ್ಬು ಬಿಜೈಯ ಮನೆಯಲ್ಲೇ ಸಿಗಬಹುದು ಎಂದು ಯಾರೋ ಹೇಳಿದರು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವಾಲುವ ಬದಿಗೆ ಕೈ ಕೊಟ್ಟು, ಟಯರನ್ನು ಬಿಜೈಯ ಕಡೆಗೆ ತಿರುಗಿಸಿದೆ.